ಸಿಕ್ಕಿದ ಕಟ್ಟಿಗೆ ಮೀನಿನ ತೊಟ್ಟಿಗೆ: ಯಾವುದು ಆದೀತು, ಯಾವುದು ಬೇಡ

ಅಕ್ವೇರಿಯಂ ಅಂಗಡಿಯಲ್ಲಿ ತೊಟ್ಟಿಯ ಅಂದಕ್ಕೆಂದು ಇಡುವ ಮೊಳ ಉದ್ದದ ಡ್ರಿಫ್ಟ್‌ವುಡ್ಡಿಗೆ ಹೇಳುವ ಬೆಲೆ ಕೇಳಿದ ಮೇಲೆ ಹಿತ್ತಲಲ್ಲಿ ಬಿದ್ದಿರುವ ಸೀಬೆ ಕೊಂಬೆಯೋ, ತೋಟದಂಚಿನಲ್ಲಿ ಕಿತ್ತು ಹಾಕಿದ ಕಾಫಿ ಬೊಡ್ಡೆಯೋ ನೆನಪಾಗುವುದು ಸಹಜ. ತರಬಹುದು, ತೊಟ್ಟಿಗೆ ಇಡಲೂಬಹುದು. ಆದರೆ ಎಲ್ಲರೂ ಮೊದಲು ಕೇಳುವುದು "ಎಷ್ಟು ಹೊತ್ತು ಕುದಿಸಬೇಕು?" ಎಂದು. ಅದು ಮೂರನೆಯ ಪ್ರಶ್ನೆ. ಕಟ್ಟಿಗೆ ಎಲ್ಲಿ ಸಿಕ್ಕಿತು ಎಂಬುದು ಮೊದಲನೆಯದು, ಯಾವ ಮರದ್ದು ಎಂಬುದು ಎರಡನೆಯದು. ಕುದಿಸಿದರೆ ಹುಳ ಸಾಯುತ್ತದೆ, ಒಗರು ಇಳಿಯುತ್ತದೆ. ಕೀಟನಾಶಕ, ತಾಮ್ರ, ಡೀಸೆಲ್ ಕೂಡ ಇಳಿದು ಹೋಗುತ್ತವೆ ಎಂದು ನಂಬಿ ಕೂರುವಂತಿಲ್ಲ. ಕೆಟ್ಟ ಕಟ್ಟಿಗೆಯನ್ನು ನಾಲ್ಕು ದಿನ ಬೇಯಿಸಿದರೂ ಅದು ಬೆಂದ ಕೆಟ್ಟ ಕಟ್ಟಿಗೆಯೇ.

ಎಲ್ಲಿ ಸಿಕ್ಕಿದ್ದು

ಸ್ವಂತ ಹಿತ್ತಲಿನದೋ ಗೊತ್ತಿದ್ದವರ ಜಮೀನಿನದೋ ಆದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಮರ ಯಾವುದು, ಔಷಧಿ ಹೊಡೆದಿದ್ದಾರೆಯೇ, ಕಡಿದು ಎಷ್ಟು ಕಾಲವಾಯಿತು ಎಂಬ ಮೂರಕ್ಕೂ ಅಲ್ಲಿ ಉತ್ತರ ಸಿಗುತ್ತದೆ.

ಎರಡನೆಯ ಜಾಗ ಹೊಳೆ ದಂಡೆ. ಮಳೆಗಾಲ ಕಳೆದ ಮೇಲೆ ಮರಳ ದಿಬ್ಬಗಳಲ್ಲಿ ಸಿಗುವ ಕೊರಡುಗಳ ತೊಗಟೆ, ಮೆದು ಹೊರಮರವೆಲ್ಲ ನೀರಿಗೆ ಉಜ್ಜಿ ಹೋಗಿ ಚೇಗು ಮಾತ್ರ ಉಳಿದಿರುತ್ತದೆ. ಅರ್ಧ ಕೆಲಸ ಹೊಳೆಯೇ ಮಾಡಿರುತ್ತದೆ. ತೊಂದರೆ ಏನೆಂದರೆ ಜಾತಿ ಗುರುತಿಸುವ ಎಲೆ, ತೊಗಟೆ ಎರಡೂ ಇರುವುದಿಲ್ಲ. ಆಗ ವಾಸನೆ, ತೂಕ, ಗಟ್ಟಿತನ ನೋಡಿಯೇ ತೀರ್ಮಾನಿಸಬೇಕು. ಕಾರ್ಖಾನೆಯ ಅಥವಾ ಊರಿನ ಕೊಳಚೆ ಸೇರುವ ಜಾಗದ ಕೆಳಗಿನ ದಂಡೆಯಾದರೆ ಬೇಡ. ಬೇಸಿಗೆಯಲ್ಲಿ ನೀರಿಳಿದ ಜಲಾಶಯದ ಅಂಗಳದಲ್ಲಿ ಕಾಣುವ, ವರ್ಷಗಟ್ಟಲೆ ಮುಳುಗಿದ್ದ ಮರಗಳ ಬೊಡ್ಡೆ ಗುಣದಲ್ಲಿ ಬಹಳ ಚೆನ್ನ. ಆದರೆ ನಮ್ಮ ಎಷ್ಟೋ ಹಿನ್ನೀರುಗಳು ಅಭಯಾರಣ್ಯಕ್ಕೆ ತಾಗಿಕೊಂಡಿವೆ.

ಕಾನೂನಿನ ಮಾತು ಇಲ್ಲೇ ಮುಗಿಸೋಣ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಒಣ ಕೊಂಬೆಯನ್ನೂ ಅನುಮತಿಯಿಲ್ಲದೆ ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಅಡ್ಡ ಬರುತ್ತದೆ. ತೇಲಿ ಬಂದು ದಡ ಸೇರಿದ ನಾಟಾ ಕೂಡ ವಾರಸುದಾರ ಸಾಬೀತಾಗುವವರೆಗೆ ಸರ್ಕಾರದ್ದು ಎನ್ನುವುದು 1927ರ ಭಾರತೀಯ ಅರಣ್ಯ ಕಾಯ್ದೆಯ 45ನೇ ಕಲಮಿನ ನಿಲುವು. ಕೈಯಗಲದ ಬೇರಿನ ತುಂಡಿಗೂ ಬೀಟೆಯ ದಿಮ್ಮಿಗೂ ವ್ಯತ್ಯಾಸ ಇದೆ, ನಿಜ. ಆದರೂ ಅನುಮಾನ ಬಂದ ಕಡೆ ಅರಣ್ಯ ಇಲಾಖೆಯವರನ್ನು ಕೇಳಿ, ಇಲ್ಲವೇ ಅಲ್ಲೇ ಬಿಟ್ಟು ಬನ್ನಿ. ಶ್ರೀಗಂಧ, ಬೀಟೆಯ ಗೋಜಿಗಂತೂ ಹೋಗಬೇಡಿ.

ಸಮುದ್ರ ದಂಡೆಯ ಕಟ್ಟಿಗೆ ನೋಡಲು ಎಲ್ಲಕ್ಕಿಂತ ಚಂದ, ಕೆಲಸಕ್ಕೆ ಎಲ್ಲಕ್ಕಿಂತ ನಿಧಾನ. ಉಪ್ಪು ಮರದ ತಿರುಳಿನವರೆಗೂ ಇಳಿದಿರುತ್ತದೆ, ವಾರಗಟ್ಟಲೆ ಸಿಹಿನೀರಿನಲ್ಲಿ ನೆನೆಸದೆ ಬಿಡುವುದಿಲ್ಲ. ಮೀನುಗಾರಿಕೆ ಬಂದರಿನ ಆಸುಪಾಸಿನದಾದರೆ ದೋಣಿಯ ಡೀಸೆಲ್, ಬಣ್ಣ ಅಂಟಿರಬಹುದು. ಸಣ್ಣ ಸಣ್ಣ ದುಂಡು ತೂತುಗಳಿದ್ದರೆ ಒಳಗೆ ಹಡಗುಹುಳು ಕೊರೆದು ಸತ್ತಿದೆ ಎಂದು ತಿಳಿಯಿರಿ. ಮುರಿದು ನೋಡಿದರೆ ಸುರಂಗದ ಗೋಡೆಗೆ ಬಿಳಿ ಸುಣ್ಣದ ಪದರ ಕಾಣುತ್ತದೆ. ಅದು ನೀರಿನ ಗಡಸುತನ ಏರಿಸುತ್ತದೆ.

ತೋಟದ ಕಟ್ಟಿಗೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮಲೆನಾಡು, ಕೊಡಗಿನ ಕಡೆಯವರಿಗೆ ಸುಲಭಕ್ಕೆ ಸಿಗುವುದು ಅದೇ. ಕೊಳೆರೋಗಕ್ಕೆ ಅಡಿಕೆಗೂ, ಎಲೆತುಕ್ಕಿಗೆ ಕಾಫಿಗೂ ಹೊಡೆಯುವ ಬೋರ್ಡೋ ದ್ರಾವಣ ಎಂದರೆ ಮೈಲುತುತ್ತ ಮತ್ತು ಸುಣ್ಣ: ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ತಲಾ 1 ಕಿಲೋ. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ವರ್ಷ ವರ್ಷವೂ ಹೊಡೆದ ತೋಟದಲ್ಲಿ ತೊಗಟೆಯ ಮೇಲೆ, ಬುಡದ ಮಣ್ಣಿನಲ್ಲಿ ತಾಮ್ರ ಕೂತಿರುತ್ತದೆ. ಮೀನು ಅಲ್ಪ ಸ್ವಲ್ಪ ತಾಮ್ರ ತಡೆದೀತು. ಸೀಗಡಿ, ಬಸವನಹುಳು ತಡೆಯುವುದಿಲ್ಲ. ಜತೆಗೆ ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಬಾರದಿರಲೆಂದು ಕಾಂಡಕ್ಕೆ ಕೀಟನಾಶಕವನ್ನೋ ಸುಣ್ಣವನ್ನೋ ಬಳಿದಿರುತ್ತಾರೆ. ತೋಟದವರನ್ನು ನೇರವಾಗಿ ಕೇಳಿ: ಏನು ಹೊಡೆದಿರಿ, ಯಾವಾಗ? ಮೂರ್ನಾಲ್ಕು ವರ್ಷದಿಂದ ಔಷಧಿ ಕಾಣದ, ಮಳೆ ಬಿಸಿಲಿಗೆ ಬಿದ್ದ ಬೊಡ್ಡೆಯಾದರೆ ತೊಗಟೆ ಪೂರ್ತಿ ಕೆರೆದು ಮೀನಿನ ತೊಟ್ಟಿಗೆ ಬಳಸಬಹುದು. ಸೀಗಡಿ ಸಾಕುವ ತೊಟ್ಟಿಗೆ ತೋಟದ ಕಟ್ಟಿಗೆ ಬೇಡವೇ ಬೇಡ.

ನಗರದ ಕೆರೆ, ರಾಜಕಾಲುವೆಗಳಿಂದ ಎತ್ತಿದ್ದು, ಗೆದ್ದಲು ಔಷಧಿ ಹಾಕಿದ ಹಳೆ ಮನೆಯ ತೊಲೆ, ಬಣ್ಣ ಅಥವಾ ವಾರ್ನಿಷ್ ಕಂಡ ಮರ, ಪ್ಲೈವುಡ್ ಇವ್ಯಾವುವೂ ಲೆಕ್ಕಕ್ಕಿಲ್ಲ. ಮಳೆಗಾಳಿಗೆ ರಸ್ತೆಬದಿ ಮುರಿದು ಬಿದ್ದ ಕೊಂಬೆಯಲ್ಲಿ ವಿಷವೇನೂ ಇಲ್ಲದಿದ್ದರೂ ಅದು ಹಸಿ, ಮೇಲಾಗಿ ಗುಲ್‌ಮೊಹರಿನಂಥ ಮೆದು ಮರವೇ ಹೆಚ್ಚು.

ಯಾವ ಮರ

ನಮ್ಮಲ್ಲಿ ಸುಲಭಕ್ಕೆ ಸಿಗುವುದರಲ್ಲಿ ಮೊದಲ ಸ್ಥಾನ ಸೀಬೆಗೆ. ಕೊಂಬೆ ತಾನಾಗಿಯೇ ಡೊಂಕುಡೊಂಕಾಗಿ ಬೆಳೆದಿರುತ್ತದೆ, ಮರ ಗಟ್ಟಿ, ತೊಗಟೆ ಹಾಳೆಯಂತೆ ಎದ್ದು ಬರುತ್ತದೆ, ಹಾಲು ಅಂಟು ಇಲ್ಲ. ಎರಡರಿಂದ ಎರಡೂವರೆ ಅಡಿಯ ತೊಟ್ಟಿಗೆ ಹೆಬ್ಬೆರಳು ದಪ್ಪದ ಎರಡು ಮೂರು ಕೊಂಬೆ ಜೋಡಿಸಿದರೆ ಸಾಕು. ಕಾಫಿಯ ಬೇರು ಬುಡ, ಅದರಲ್ಲೂ ರೊಬಸ್ಟಾದ್ದು, ಆಕಾರದಲ್ಲಿ ಸೀಬೆಯನ್ನು ಮೀರಿಸುತ್ತದೆ. ಮೇಲೆ ಹೇಳಿದ ಔಷಧಿಯ ತಕರಾರು ಇಲ್ಲದಿದ್ದರೆ ಅದೇ ಮೊದಲು. ಹುಣಸೆಯ ಚೇಗು, ಹಳೆ ಬೇರು ತೂಕದವು, ಬೇಗ ಮುಳುಗುತ್ತವೆ, ವರ್ಷಗಟ್ಟಲೆ ಬಾಳುತ್ತವೆ. ಆದರೆ ಹುಣಸೆಯ ಬಿಳಿ ಹೊರಮರಕ್ಕೆ ಹುಳ ಬೇಗ ಹತ್ತುತ್ತದೆ, ಅದನ್ನು ಕೆತ್ತಿ ತೆಗೆಯಬೇಕು.

ಹಲಸು, ಮಾವು ನಡುವಿನ ದರ್ಜೆ. ಹಲಸಿನ ಚೇಗು ಗಟ್ಟಿಯೇ, ಆದರೆ ಅದರ ಹಳದಿ ಬಣ್ಣ ನೀರಿಗೆ ಬಿಡುತ್ತಲೇ ಇರುತ್ತದೆ. ಬಟ್ಟೆಗೆ ಬಣ್ಣ ಹಾಕಲು ಬಳಸುತ್ತಿದ್ದ ಮರ ಅದು. ಹಸಿಯಿದ್ದಾಗ ಮೇಣದ ಕಾಟ ಬೇರೆ. ಮಾವಿನ ಸೊನೆ ಚರ್ಮಕ್ಕೇ ಒಗ್ಗುವುದಿಲ್ಲ, ಚೆನ್ನಾಗಿ ಒಣಗಿದ ಹಳೆ ಕೊಂಬೆಯಾದರೆ ಮಾತ್ರ ತೆಗೆದುಕೊಳ್ಳಿ. ಅದೂ ನೀರಲ್ಲಿ ಬೇಗ ಮೆತ್ತಗಾಗುತ್ತದೆ. ನೀಲಗಿರಿಯ ಎಣ್ಣೆ ವಾಸನೆ ಪೂರ್ತಿ ಹೋಗಿರುವ, ವರ್ಷಗಟ್ಟಲೆ ಬಿಸಿಲಲ್ಲಿ ಬೂದು ತಿರುಗಿದ ಬೇರಾದರೆ ಸರಿ, ಇಲ್ಲವಾದರೆ ಬೇಡ. ಸಿಲ್ವರ್ ಓಕ್ ಹಗುರ, ಬೇಗ ಕೊಳೆಯುತ್ತದೆ. ತೆಂಗು, ಅಡಿಕೆಯ ಕಾಂಡ ನಾರಿನ ಕಟ್ಟು, ಒಳಗಿನ ಮೆದು ಭಾಗ ತಿಂಗಳೊಪ್ಪತ್ತಿನಲ್ಲಿ ಕೊಳೆತು ನೀರು ನಾರುತ್ತದೆ. ತೆಂಗಿನ ಚಿಪ್ಪು ಮಾತ್ರ ಕುದಿಸಿ ಇಟ್ಟರೆ ಮೀನಿಗೆ ಒಳ್ಳೆಯ ಗೂಡು. ಬಿದಿರಿನಲ್ಲಿ ಪಿಷ್ಟ ಹೆಚ್ಚು, ಗಿಣ್ಣಿನ ಒಳಗೆ ಗಾಳಿ ಕಟ್ಟಿಕೊಂಡಿರುತ್ತದೆ. ಬಳಸಲೇಬೇಕೆಂದರೆ ಪ್ರತಿ ಗಿಣ್ಣಿಗೂ ತೂತು ಕೊರೆಯಿರಿ, ಒಂದು ವರ್ಷಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ.

ಇನ್ನು ಮುಟ್ಟಬಾರದವು. ಕಣಗಿಲೆ, ಎಲ್ಲ ಬಗೆಯ ಕಳ್ಳಿ, ಎಕ್ಕ, ಕಾಸರಕ. ಗೇರು ಮತ್ತು ಅದರ ಕಾಡಿನ ನಂಟ ಚೇರೆ ಮರ: ಮುಟ್ಟಿದರೆ ಮೈ ಬೊಬ್ಬೆ ಏಳುವ ಈ ಮರವನ್ನು ಕುದಿಸಲು ಹೋದರೆ ಮೀನಿಗಿಂತ ಮೊದಲು ನಿಮಗೇ ತೊಂದರೆ, ಹೊಗೆಯೂ ಕೆಟ್ಟದ್ದಾದ್ದರಿಂದ ಒಲೆಗೂ ಬೇಡ. ಬೇವು, ಹೊಂಗೆ ಊರಲ್ಲೆಲ್ಲ ಸಿಗುತ್ತವೆ, ಮನುಷ್ಯನಿಗೆ ಮದ್ದೂ ಹೌದು. ಆದರೆ ಬೇವಿನಲ್ಲಿರುವ ಅಜಾಡಿರಾಕ್ಟಿನ್ ಕೀಟನಾಶಕ, ಹೊಂಗೆಯ ಬೀಜ ಮೀನಿಗೆ ನಂಜು. ಮರದ ತಿರುಳಿನಲ್ಲಿ ಈ ಅಂಶಗಳು ಬೀಜದಷ್ಟು ಇರುವುದಿಲ್ಲ ಎಂದು ವಾದಿಸಬಹುದು. ಸೀಬೆ ಸಿಗುವ ಊರಿನಲ್ಲಿ ಆ ವಾದಕ್ಕೆ ಇಳಿಯುವ ಅಗತ್ಯ ಏನು? ಲಂಟಾನಕ್ಕೂ ಇದೇ ಮಾತು.

ಜಾತಿ ಗೊತ್ತಾಗದಿದ್ದರೆ ಒಂದು ತುದಿಯನ್ನು ಗರಗಸದಿಂದ ಹೊಸದಾಗಿ ಕೊಯ್ದು ಮೂಸಿ ನೋಡಿ. ಕರ್ಪೂರದಂಥ, ರಾಳದಂಥ, ಕಹಿಯಾದ ಘಾಟು ಬಂದರೆ ಬಿಡಿ. ಕೊಯ್ದ ಮುಖದಲ್ಲಿ ಅಂಟು ಜಿನುಗಿದರೂ ಬಿಡಿ. ಸ್ಕ್ರೂಡ್ರೈವರಿನ ತುದಿ ಒತ್ತಿದಾಗ ಅರ್ಧ ಸೆಂಟಿಮೀಟರಿಗಿಂತ ಒಳಕ್ಕೆ ಹೋದರೆ ಒಳಗೆ ಕೊಳೆತಿದೆ ಎಂದರ್ಥ. ಕೊಳೆತ ಭಾಗ ಮೇಲ್ಪದರದಲ್ಲಿ ಮಾತ್ರ ಇದ್ದರೆ ಗಟ್ಟಿ ಮರ ಸಿಗುವವರೆಗೆ ಕೆತ್ತಿ ತೆಗೆಯಬಹುದು.

ಹಸಿಯೋ ಒಣಗಿದ್ದೋ

ಹಸಿ ಮರದಲ್ಲಿ ಸಕ್ಕರೆ, ಪಿಷ್ಟ ತುಂಬಿರುತ್ತವೆ. ಅದನ್ನು ನೀರಿಗೆ ಹಾಕಿದರೆ ಬ್ಯಾಕ್ಟೀರಿಯಾಕ್ಕೆ ಊಟ ಹಾಕಿದ ಹಾಗೆ: ಎರಡು ಮೂರು ದಿನದಲ್ಲಿ ನೀರು ಮಬ್ಬಾಗುತ್ತದೆ, ಬ್ಯಾಕ್ಟೀರಿಯಾ ಆಮ್ಲಜನಕ ಹೀರಿಕೊಳ್ಳುತ್ತದೆ, ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಮರ ವಿಷದ್ದು ಎಂದುಕೊಳ್ಳುವ ಎಷ್ಟೋ ಸಾವುಗಳು ಉಸಿರುಗಟ್ಟಿ ಆದವು.

ಬೆರಳು ದಪ್ಪದ ಕೊಂಬೆ ಒಣಗಲು ನಮ್ಮ ಬೇಸಿಗೆಯಲ್ಲಿ ಎರಡು ಮೂರು ತಿಂಗಳು ಸಾಕು, ಮುಂಗೈ ದಪ್ಪಕ್ಕೆ ಆರು ತಿಂಗಳಿಂದ ವರ್ಷ. ಮಳೆಗಾಲದ ಮಲೆನಾಡಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಅಟ್ಟದ ಮೇಲೆ ಇಟ್ಟರೂ ಬೂಷ್ಟು ಹಿಡಿಯುತ್ತದೆ. ಖಚಿತ ಗುರುತು ತೂಕ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ, ಹದಿನೈದು ದಿನ ಬಿಟ್ಟು ಮತ್ತೆ ತೂಗಿ. ತೂಕ ಇಳಿಯುವುದು ನಿಂತಿದ್ದರೆ ಒಣಗಿದೆ. ಒಣಗುವಾಗ ಸೀಳು ಬಿಟ್ಟರೆ ಬೇಸರ ಬೇಡ, ಮುಂದೆ ನೀರು ಒಳಗೆ ಹೋಗಲು ಅದೇ ದಾರಿ.

ಶುದ್ಧಿಗೆ ಯಾವ ದಾರಿ

ಕುದಿಸುವುದು, ನೆನೆಸುವುದು, ಬಿಸಿಲು, ಓವನ್, ರಾಸಾಯನಿಕ ಎಂದು ಐದು ದಾರಿಗಳಿವೆ. ಪಾತ್ರೆಯಲ್ಲಿ ಹಿಡಿಸುವ ಕಟ್ಟಿಗೆಗೆ ಕುದಿಸುವುದು, ಹಿಡಿಸದ್ದಕ್ಕೆ ನೆನೆಸುವುದು ಮತ್ತು ಬಿಸಿಲು. ಉಳಿದ ಎರಡು ಅಪರೂಪಕ್ಕೆ.

ಕುದಿಸುವ ಮೊದಲು ತೊಗಟೆಯನ್ನು ಚಾಕುವಿನಿಂದ ಸಾಧ್ಯವಾದಷ್ಟು ಎಬ್ಬಿಸಿ, ಗಟ್ಟಿ ಬ್ರಷ್ಷಿನಿಂದ ಸಂದುಗೊಂದಿನ ಮಣ್ಣು ಉಜ್ಜಿ ತೆಗೆಯಿರಿ. ಸೋಪು ಬೇಡ, ಮರ ಅದನ್ನು ಹೀರಿಕೊಂಡು ತಿಂಗಳುಗಟ್ಟಲೆ ಬಿಡುತ್ತದೆ. ಅಂಟಿಕೊಂಡ ತೊಗಟೆ ಮೊದಲ ಕುದಿಯ ಬಳಿಕ ಸುಲಭಕ್ಕೆ ಬರುತ್ತದೆ. ಪಾತ್ರೆ ಸ್ಟೀಲಿನದಿರಲಿ, ಮತ್ತೆ ಅಡುಗೆಗೆ ಬಳಸುವಂಥದ್ದಾಗಿರಬಾರದು. ಬಚ್ಚಲಿನ ತಾಮ್ರದ ಹಂಡೆ ದೊಡ್ಡದಿದೆ, ಒಲೆಯೂ ಅಲ್ಲೇ ಇದೆ ಎಂದು ಅದರಲ್ಲಿ ಕುದಿಸಬೇಡಿ: ಮರದ ಒಗರಾದ ಟ್ಯಾನಿನ್ನಿನ ಹುಳಿ ನೀರು ತಾಮ್ರವನ್ನು ಕರಗಿಸಿ ಮರಕ್ಕೆ ಕುಡಿಸುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಟ್ಯಾನಿನ್ ಸೇರಿ ಶಾಯಿಯಂಥ ಕಪ್ಪು ಹುಟ್ಟುತ್ತದೆ. ಪ್ರೆಷರ್ ಕುಕ್ಕರ್ ಖಂಡಿತ ಬೇಡ, ಎದ್ದ ತೊಗಟೆ ಚೂರು ಹಬೆ ಹೋಗುವ ದಾರಿಗೆ ಸಿಕ್ಕಿಕೊಂಡರೆ ಕುಕ್ಕರ್ ಸಿಡಿಯಬಹುದು.

ಬೆರಳು ದಪ್ಪಕ್ಕೆ ಒಂದು ಗಂಟೆ, ಮುಂಗೈ ದಪ್ಪಕ್ಕೆ ಎರಡರಿಂದ ಮೂರು ಗಂಟೆ. ಗಂಟೆಯ ಎಣಿಕೆ ನೀರು ಕುದಿ ಬಂದ ಮೇಲೆ ಶುರು. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಮಂಗಳೂರಿನಲ್ಲಿ 100ಕ್ಕೆ. ಬಸವನಹುಳುವಿನ ಮೊಟ್ಟೆ, ಹುಳ, ಪಾಚಿ ಎಲ್ಲಿ ಕುದಿಸಿದರೂ ಸಾಯುತ್ತವೆ. ನೀರು ಇಂಗಿದಂತೆ ಬಿಸಿನೀರನ್ನೇ ಸೇರಿಸಿ, ಮರ ಅರ್ಧ ತೇಲುತ್ತಿದ್ದರೆ ಮೇಲೆ ಕಲ್ಲು ಹೇರಿ. ಮುಗಿದ ಮೇಲೆ ಮರವನ್ನು ಹೊರಗೆ ತೆಗೆಯದೆ ಆ ನೀರಿನಲ್ಲೇ ಆರಲು ಬಿಡಿ. ಒಳಗಿನ ಬಿಸಿ ಗಾಳಿ, ಹಬೆ ತಣಿದು ಕುಗ್ಗುವಾಗ ಸುತ್ತಲಿನ ನೀರನ್ನು ಎಳೆದುಕೊಳ್ಳುತ್ತದೆ, ಮರ ಬೇಗ ಭಾರವಾಗುತ್ತದೆ. ಬಿಸಿಯಿರುವಾಗಲೇ ಎತ್ತಿದರೆ ಆ ಜಾಗಕ್ಕೆ ಮತ್ತೆ ಗಾಳಿಯೇ ಹೋಗುತ್ತದೆ.

ಮೊದಲ ಕುದಿಯ ನೀರು ಡಿಕಾಕ್ಷನ್ನಿನಂತೆ ಇರುತ್ತದೆ. ಚೆಲ್ಲಿ ಹೊಸ ನೀರಿಗೆ ಹಾಕಿ, ಮೂರು ನಾಲ್ಕು ಸಲ ಹೀಗೆ ಮಾಡಿ. ನೀರು ಪೂರ್ತಿ ತಿಳಿಯಾಗಲಿ ಎಂದು ಹತ್ತು ಹನ್ನೆರಡು ಸಲ ಕುದಿಸುವವರಿದ್ದಾರೆ. ಅದು ಅತಿಯಾಯಿತು, ತೆಳು ಕೊಂಬೆ ಬೆಂದು ನಾರುನಾರಾಗಿ ತೊಟ್ಟಿಯಲ್ಲಿ ಬೇಗ ಕೊಳೆಯುತ್ತದೆ. ನಸು ಹಳದಿ ಉಳಿದರೆ ಸಾಕು.

ನೆನೆಸುವುದಕ್ಕೆ ಖರ್ಚಿಲ್ಲ, ತಾಳ್ಮೆ ಬೇಕು. 50 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮರ ಪೂರ್ತಿ ಮುಳುಗುವಂತೆ ಕಲ್ಲು ಹೇರಿ ಇಡಿ. ಮೊದಲ ವಾರ ದಿನವೂ ನೀರು ಬದಲಿಸಿ, ಆಮೇಲೆ ಮೂರು ದಿನಕ್ಕೊಮ್ಮೆ. ಮುಂಗೈ ದಪ್ಪಕ್ಕೆ ಎರಡರಿಂದ ನಾಲ್ಕು ವಾರ, ದೊಡ್ಡ ಬೊಡ್ಡೆಗೆ ಎರಡು ಮೂರು ತಿಂಗಳು. ಡೆಂಗಿಯ ಕಾಲದಲ್ಲಿ ಇದು ಸೊಳ್ಳೆಯ ತೊಟ್ಟಿಲಾಗದಂತೆ ನೋಡಿಕೊಳ್ಳುವುದು ಮುಖ್ಯ. ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ವಾರ, ಹತ್ತು ದಿನ ಸಾಕು. ಡ್ರಮ್ಮಿನ ಬಾಯಿಗೆ ಬಟ್ಟೆ ಬಿಗಿದು ಕಟ್ಟಿ, ನೀರನ್ನು ವಾರಕ್ಕಿಂತ ಹೆಚ್ಚು ನಿಲ್ಲಲು ಬಿಡಬೇಡಿ. ನಲ್ಲಿ ನೀರಿನ ಕ್ಲೋರಿನ್ ಈ ಹಂತದಲ್ಲಿ ಅಡ್ಡಿಯಲ್ಲ, ಕೊನೆಯ ಎರಡು ದಿನ ಮಾತ್ರ ಕ್ಲೋರಿನ್ ತೆಗೆದ ನೀರು ಹಾಕಿ.

ನೆನೆಸಿದರೆ ಹುಳದ ಮೊಟ್ಟೆ, ರೋಗಾಣು ಸಾಯುವುದಿಲ್ಲ. ಅದಕ್ಕೇ ನೆನೆಸುವ ಮೊದಲು ಬಿಸಿಲು. ಮಾರ್ಚ್, ಏಪ್ರಿಲಿನಲ್ಲಿ ತಾರಸಿಯ ಮೇಲೆ ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎರಡು ವಾರ ಇಟ್ಟು ದಿನಕ್ಕೊಮ್ಮೆ ಮಗ್ಗುಲು ಬದಲಿಸಿದರೆ ಇರುವೆ, ಗೆದ್ದಲು, ಬಸವನಹುಳು ಉಳಿಯುವುದಿಲ್ಲ. ಇದರ ಜತೆ ಕುದಿಯುವ ನೀರನ್ನು ಎಲ್ಲ ಮಗ್ಗುಲಿಗೂ ಎರಡು ಮೂರು ಸಲ ಸುರಿದರೆ ದೊಡ್ಡ ಬೊಡ್ಡೆಗೆ ಬೇಕಾದಷ್ಟಾಯಿತು.

ಓವನ್ನಿನ ಸಲಹೆ ತಂಪು ದೇಶಗಳಿಂದ ಬಂದದ್ದು, ಅಲ್ಲಿ ಹೀಗೆ ಬಿಸಿಲು ಸಿಗುವುದಿಲ್ಲ. ಇಲ್ಲಿ ಅದರ ಅಗತ್ಯವಿಲ್ಲ. ಮಾಡುವುದೇ ಆದರೆ ಪೂರ್ತಿ ಒಣಗಿದ ಸಣ್ಣ ತುಂಡಿಗೆ 100ರಿಂದ 110 ಡಿಗ್ರಿ, ಒಂದೆರಡು ಗಂಟೆ, ಪಕ್ಕದಲ್ಲೇ ನಿಂತು. ಮೈಕ್ರೋವೇವ್‌ನಲ್ಲಿ ಮರ ಒಳಗಿನಿಂದ ಹೊತ್ತಿಕೊಳ್ಳುತ್ತದೆ, ಅದರ ಹತ್ತಿರ ಹೋಗಬೇಡಿ.

ರಾಸಾಯನಿಕಗಳಲ್ಲಿ ಬ್ಲೀಚು, ಪೊಟ್ಯಾಸಿಯಂ ಪರ್ಮಾಂಗನೇಟ್, ಹೈಡ್ರೋಜನ್ ಪೆರಾಕ್ಸೈಡ್ ಮೂರೂ ಆಕ್ಸಿಡೀಕರಣದ ಮೇಲೆ ಕೆಲಸ ಮಾಡುತ್ತವೆ. ಟ್ಯಾನಿನ್ ತುಂಬಿದ ಮರಕ್ಕೆ ಹಾಕಿದರೆ ರೋಗಾಣುವಿಗಿಂತ ಮೊದಲು ಟ್ಯಾನಿನ್ನೇ ಅವನ್ನು ತಿಂದು ಮುಗಿಸುತ್ತದೆ. ಪರ್ಮಾಂಗನೇಟಿನ ನೇರಳೆ ನೀರು ಕೆಲ ನಿಮಿಷದಲ್ಲೇ ಕಂದು ತಿರುಗುವುದು ಇದಕ್ಕೇ. ಆದ್ದರಿಂದ ಕಾಡಿನ, ಹಿತ್ತಲಿನ ಹೊಸ ಕಟ್ಟಿಗೆಗೆ ಇವು ದಂಡ. ಕಾಯಿಲೆ ಬಂದ ಹಳೆ ತೊಟ್ಟಿಯಿಂದ ತೆಗೆದ, ಟ್ಯಾನಿನ್ ಇಳಿದು ಹೋದ ಮರಕ್ಕೆ ಬ್ಲೀಚು ಸರಿ: ಶೇ. 4–5ರ ದ್ರವ ಬ್ಲೀಚು ಒಂದು ಪಾಲಿಗೆ ನೀರು ಇಪ್ಪತ್ತು ಪಾಲು, ಹದಿನೈದು ನಿಮಿಷ. ತೊಳೆದು, ಕ್ಲೋರಿನ್ ತೆಗೆಯುವ ಸೋಡಿಯಂ ಥಯೋಸಲ್ಫೇಟ್ ಧಾರಾಳವಾಗಿ ಹಾಕಿದ ನೀರಿನಲ್ಲಿ ಒಂದು ದಿನ ಇಟ್ಟು, ವಾಸನೆ ಹೋಗುವವರೆಗೆ ಬಿಸಿಲಿಗೆ ಹಾಕಿ. ಬ್ಲೀಚಿನ ಜತೆ ವಿನಿಗರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಒಂದೇ ದಿನ ಎರಡನ್ನೂ ಮುಟ್ಟಬೇಡಿ. ಪೆರಾಕ್ಸೈಡ್ ಒಂದೆರಡು ಬೂಷ್ಟಿನ ಕಲೆಗೆ ಮಾತ್ರ. ಔಷಧಿ ಅಂಗಡಿಯಲ್ಲಿ ಸಿಗುವ ಶೇ. 6ರದ್ದಕ್ಕೆ ಅಷ್ಟೇ ನೀರು ಬೆರೆಸಿ ಹಚ್ಚಿ. ಅದು ನೀರು, ಆಮ್ಲಜನಕವಾಗಿ ಒಡೆದು ಹೋಗುವುದರಿಂದ ಹಿಂದೆ ಏನೂ ಉಳಿಯುವುದಿಲ್ಲ.

ತೊಟ್ಟಿಗೆ ಮೊದಲು ಬಕೆಟ್

ಎರಡು ಬಕೆಟ್‌ಗೆ ಒಂದೇ ನೀರು ತುಂಬಿ, ಒಂದರಲ್ಲಿ ಮರ ಇಡಿ, ಇನ್ನೊಂದು ಖಾಲಿ ಇರಲಿ. ಮೂರು ದಿನ ಬಿಟ್ಟು ಎರಡರ ಪಿಎಚ್ (ನೀರು ಎಷ್ಟು ಹುಳಿ ಎಂಬ ಅಳತೆ), ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ ಮುಂತಾದವುಗಳ ಅಳತೆ) ಅಳೆಯಿರಿ. ಖಾಲಿ ಬಕೆಟ್ ಇಲ್ಲದೆ ಅಳೆದರೆ ನೀರು ಆವಿಯಾಗಿ ಏರಿದ್ದೆಷ್ಟು, ಮರ ಬಿಟ್ಟದ್ದೆಷ್ಟು ತಿಳಿಯುವುದಿಲ್ಲ. ಸಮುದ್ರದ ಕಟ್ಟಿಗೆಯ ಬಕೆಟ್ಟಿನಲ್ಲಿ ಟಿಡಿಎಸ್ ನೂರಾರು ಅಂಕ ಏರಿದರೆ ಉಪ್ಪು ಇನ್ನೂ ಒಳಗಿದೆ, ಮತ್ತೆ ನೆನೆಸಿ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಂಡರೆ ಒಂದು ಕಡ್ಡಿಯಿಂದ ಗೀಚಿ ನೋಡಿ. ಗಾಜಿನ ಹಾಗೆ ಚೂರುಚೂರಾಗಿ ಒಡೆದರೆ ಬ್ಯಾಕ್ಟೀರಿಯಾದ್ದು, ಒಡೆಯದೆ ಮತ್ತೆ ಕೂಡಿಕೊಂಡರೆ ಎಣ್ಣೆ. ಎಣ್ಣೆಯಾದರೆ ಆ ಮರದ ಆಸೆ ಬಿಡಿ.

ವಿಷದ ಅನುಮಾನ ಉಳಿದಿದ್ದರೆ ಮೀಟರುಗಳಿಂದ ಪ್ರಯೋಜನವಿಲ್ಲ. ಮರಿಮೀನಿನ ಆಹಾರಕ್ಕೆಂದು ಸಾಕುವ ಡಾಫ್ನಿಯಾ ಅಥವಾ ಮೊಯಿನಾ ಎಂಬ ಪುಟ್ಟ ನೀರುಜೀವಿಗಳನ್ನು ತಂದು ಎರಡೂ ಬಕೆಟ್‌ಗೆ ಇಪ್ಪತ್ತಿಪ್ಪತ್ತು ಬಿಡಿ, ಕ್ಲೋರಿನ್ ಇಲ್ಲದ ನೀರಾಗಿರಲಿ. ತಾಮ್ರಕ್ಕೂ ಕೀಟನಾಶಕಕ್ಕೂ ಅವು ಮೀನಿಗಿಂತ ಬಹಳ ಸೂಕ್ಷ್ಮ, ಪ್ರಯೋಗಾಲಯಗಳಲ್ಲೂ ನೀರಿನ ವಿಷ ಅಳೆಯಲು 48 ಗಂಟೆ ಇವನ್ನೇ ಇಟ್ಟು ನೋಡುತ್ತಾರೆ. ಖಾಲಿ ಬಕೆಟ್ಟಿನಲ್ಲಿ ಜಿಗಿಯುತ್ತಿದ್ದು ಮರದ ಬಕೆಟ್ಟಿನಲ್ಲಿ ಎರಡು ದಿನದೊಳಗೆ ತಳ ಸೇರಿದರೆ ಉತ್ತರ ಸಿಕ್ಕಿತು.

ಮುಳುಗಿಸುವುದು

ಮರದ ನಾರಿನ ಸಾಂದ್ರತೆ ನೀರಿನ ಒಂದೂವರೆ ಪಟ್ಟು. ತೇಲಿಸುವುದು ಅದರೊಳಗಿನ ಗಾಳಿ. ಹಾಗಾಗಿ ಯಾವ ಮರವಾದರೂ ಒಂದು ದಿನ ಮುಳುಗಲೇಬೇಕು, ಕಾಯುವುದೋ ಕಟ್ಟುವುದೋ ಎಂಬುದಷ್ಟೇ ಆಯ್ಕೆ. ಕಾಯಲಾಗದಿದ್ದರೆ ಲೆಕ್ಕ ಹೀಗೆ: ತೇಗದಷ್ಟು ಹಗುರದ ಒಣ ಮರ ಒಂದು ಕಿಲೋ ಇದ್ದರೆ ಅದು ಸುಮಾರು ಅರ್ಧ ಕಿಲೋ ಬಲದಿಂದ ಮೇಲಕ್ಕೆ ತಳ್ಳುತ್ತದೆ. ಗ್ರಾನೈಟ್ ಕೂಡ ನೀರಿನಲ್ಲಿ ತೂಕ ಕಳೆದುಕೊಳ್ಳುವುದರಿಂದ ಅದನ್ನು ಹಿಡಿದಿಡಲು 800 ಗ್ರಾಂ ಕಲ್ಲು ಬೇಕು. ಮರದಷ್ಟೇ ತೂಕದ ಕಲ್ಲು ಎಂದಿಟ್ಟುಕೊಂಡರೆ ತಪ್ಪಾಗದು.

ಕಲ್ಲು ಗ್ರಾನೈಟೇ ಇರಲಿ. ಅಡುಗೆಕಟ್ಟೆಗೆ ಹಾಕುವ ಕಪ್ಪು ಕಡಪ ಕಲ್ಲು ಚಪ್ಪಟೆ, ಅಗ್ಗ, ಕೊರೆಯಲೂ ಸುಲಭ. ಆದರೆ ಅದು ಸುಣ್ಣದ ಕಲ್ಲು. ಮರ ನೀರನ್ನು ಹುಳಿ ಮಾಡುತ್ತಾ ಹೋದರೆ ಕೆಳಗೆ ಕಡಪ ಕರಗುತ್ತಾ ಗಡಸು ಮಾಡುತ್ತದೆ. ಗ್ರಾನೈಟ್ ಅಂಗಡಿಯ ಹಿಂದೆ ಬಿದ್ದಿರುವ ತುಂಡಿಗೆ ಅವರ ಬಳಿಯೇ ಒಂದು ತೂತು ಹಾಕಿಸಿ, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂನಿಂದ ಕೆಳಗಡೆಯಿಂದ ಮರಕ್ಕೆ ಬಿಗಿಯಿರಿ. ಸ್ಕ್ರೂ 304 ಅಥವಾ 316 ದರ್ಜೆಯದಿರಲಿ. ಸತು ಲೇಪದ ಮೊಳೆ, ಹಿತ್ತಾಳೆ ಸ್ಕ್ರೂ ಬೇಡ; ಹಿತ್ತಾಳೆಯಲ್ಲಿ ತಾಮ್ರ, ಸತು ಎರಡೂ ಇವೆ. ತೆಳು ಕೊಂಬೆಗಾದರೆ ಮೀನಿನ ಗಾಳದ ನೈಲಾನ್ ದಾರ ಸಾಕು.

ಎರಡು ಗಾಜಿನ ನಡುವೆ ಬಿಗಿಯಾಗಿ ಸಿಕ್ಕಿಸಿ ತೇಲದಂತೆ ಮಾಡುವ ಉಪಾಯ ಮಾತ್ರ ಬೇಡ. ಮರ ನೆನೆದು ಅಡ್ಡಕ್ಕೆ ಉಬ್ಬುತ್ತದೆ, ಗಾಜು ಉಬ್ಬುವುದಿಲ್ಲ. ಮೂಲೆಯ ಸಿಲಿಕಾನ್ ಬಿಡುವುದೋ ಗಾಜು ಸೀಳುವುದೋ ಹೀಗೇ. ಎಲ್ಲ ಕಡೆ ಎರಡು ಬೆರಳು ಜಾಗ ಬಿಡಿ.

ಯಾವ ಮೀನಿಗೆ

ಬೆಟ್ಟಾ, ಟೆಟ್ರಾ, ರಾಸ್ಬೋರಾ, ಏಂಜಲ್, ಡಿಸ್ಕಸ್ ಇವಕ್ಕೆ ಟ್ಯಾನಿನ್ ನೀರು ಹಿತ. ಬ್ರಿಸಲ್‌ನೋಸ್ ಪ್ಲೆಕೋ ಮರವನ್ನು ಕೆರೆಯುತ್ತಿರುತ್ತದೆ, ಅದಕ್ಕೆ ಮರ ಇಟ್ಟರೆ ಒಳ್ಳೆಯದು. ಗಪ್ಪಿ, ಮೋಲಿಗೆ ಗಡಸು ನೀರು ಬೇಕಾದ್ದರಿಂದ ಚೆನ್ನಾಗಿ ಟ್ಯಾನಿನ್ ಇಳಿದ ಸಣ್ಣ ತುಂಡು ಸಾಕು. ಮಲಾವಿ ಸಿಕ್ಲಿಡ್ ತೊಟ್ಟಿಗೆ ಕಲ್ಲೇ ಸರಿ. ಗೋಲ್ಡ್‌ಫಿಶ್‌ಗೆ ಮರದಿಂದ ತೊಂದರೆಯಿಲ್ಲ, ಆದರೆ ಚೂಪು ತುದಿಗೆ ಅದರ ಉಬ್ಬುಗಣ್ಣು, ಜೋಲು ರೆಕ್ಕೆ ಸಿಕ್ಕುತ್ತವೆ. ತುದಿಗಳನ್ನು ಮರಳು ಕಾಗದದಿಂದ ಉಜ್ಜಿ.

ಪಿಎಚ್ ಕುಸಿಯುತ್ತದೆ ಎಂಬ ಹೆದರಿಕೆ ನಿಮ್ಮ ನೀರಿನ ಮೇಲೆ ನಿಂತಿದೆ. ಗಡಸು ಬೋರ್‌ವೆಲ್ ನೀರಿನ ಕೆಎಚ್ (ಪಿಎಚ್ ಕುಸಿಯದಂತೆ ತಡೆಯುವ ಕಾರ್ಬೊನೇಟ್ ಗಡಸುತನ) ಸಾಮಾನ್ಯವಾಗಿ ಎಷ್ಟಿರುತ್ತದೆಂದರೆ ಒಂದು ಬೊಡ್ಡೆಯ ಟ್ಯಾನಿನ್ ಅದನ್ನು ಅಲುಗಿಸಲಾರದು, ನೀರು ಕಂದಾದರೂ ಪಿಎಚ್ ಇದ್ದಲ್ಲೇ ಇರುತ್ತದೆ. ಆರ್‌ಒ ನೀರು, ಮಳೆನೀರು ಬಳಸುವವರು, ಕೆಎಚ್ 3ಕ್ಕಿಂತ ಕಡಿಮೆ ಇರುವವರು ಮೊದಲ ತಿಂಗಳು ವಾರಕ್ಕೆರಡು ಸಲ ಅಳೆಯಿರಿ. ಬಣ್ಣ ಹಿಡಿಸದಿದ್ದರೆ ಫಿಲ್ಟರಿನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಇಡಿ, ವಾರಕ್ಕೆ ಕಾಲು ಭಾಗ ನೀರು ಬದಲಿಸಿ.

ಅಂಗಡಿಯದ್ದು ಯಾವಾಗ

ಸೀಗಡಿ ತೊಟ್ಟಿ ಕಟ್ಟುವವರಿಗೆ, ಇದೇ ವಾರ ಬೇಕೆನ್ನುವವರಿಗೆ, ಹಿತ್ತಲೂ ತೋಟವೂ ಇಲ್ಲದವರಿಗೆ ಅಂಗಡಿಯ ಮರ ಕೊಳ್ಳುವುದೇ ಮೇಲು. ಆಫ್ರಿಕಾದಿಂದ ಬರುವ ಮೋಪಾನಿ ಕೊಂಡ ದಿನವೇ ಮುಳುಗುತ್ತದೆ, ಆದರೆ ಟ್ಯಾನಿನ್ ಬಿಡುವುದರಲ್ಲಿ ಯಾವ ಸೀಬೆಗೂ ಕಮ್ಮಿಯಿಲ್ಲ. ಸ್ಪೈಡರ್ ವುಡ್ ನೀರಿಗೆ ಬಣ್ಣ ಬಿಡುವುದು ಕಡಿಮೆ, ತೇಲುವುದು ಮತ್ತು ಬಿಳಿ ಲೋಳೆ ಹೆಚ್ಚು. ದುಡ್ಡು ಕೊಟ್ಟು ತಂದದ್ದಕ್ಕೂ ಒಂದು ಕುದಿ ಬೇಕು.

ಇಟ್ಟ ಮೇಲೆ

ಮೊದಲ ವಾರದಲ್ಲೇ ಮರದ ಮೈಮೇಲೆ ಹತ್ತಿಯಂಥ ಬಿಳಿ ಲೋಳೆ ಬರುವುದು ಸಾಮಾನ್ಯ. ಮರದಲ್ಲಿ ಉಳಿದ ಸಕ್ಕರೆಯನ್ನು ತಿನ್ನುವ ಬ್ಯಾಕ್ಟೀರಿಯಾ, ಬೂಷ್ಟು ಅದು. ಮೀನಿಗೆ ಅಪಾಯವಿಲ್ಲ, ಸೀಗಡಿ, ಬಸವನಹುಳು, ಮೋಲಿ ಅದನ್ನು ಮೇಯುತ್ತವೆ. ಎರಡರಿಂದ ನಾಲ್ಕು ವಾರದಲ್ಲಿ ತಾನಾಗಿ ಹೋಗುತ್ತದೆ. ಅಷ್ಟರವರೆಗೆ ಪೈಪಿನಿಂದ ಎಳೆದು ತೆಗೆಯುತ್ತಿರಿ, ಏರ್ ಪಂಪು ರಾತ್ರಿಯೂ ಓಡಲಿ. ಆರು ವಾರ ಕಳೆದರೂ ದಪ್ಪ ಲೋಳೆ ಮರುಕಳಿಸುತ್ತಿದ್ದರೆ ಮರ ಒಳಗೆ ಹಸಿಯಿತ್ತು ಎಂದರ್ಥ, ತೆಗೆದು ಮತ್ತೆ ಒಣಗಿಸಿ.

ಮರ ಮರಳಿಗೆ ತಾಗುವ ಕಡೆ ಕಣ್ಣಿಡಬೇಕು. ಗಾಳಿಯಾಡದ ಆ ಜಾಗದಲ್ಲಿ ಕೊಳೆ ಶುರುವಾದರೆ ಕಪ್ಪು ಕಲೆ, ಎತ್ತಿದರೆ ಕೊಳೆತ ಮೊಟ್ಟೆಯ ವಾಸನೆ. ಅದು ಹೈಡ್ರೋಜನ್ ಸಲ್ಫೈಡ್, ಮೀನಿಗೆ ಅಲ್ಪ ಪ್ರಮಾಣದಲ್ಲೂ ವಿಷ. ಬೊಡ್ಡೆಯನ್ನು ಮರಳಿನಲ್ಲಿ ಹೂಳುವ ಬದಲು ಕಲ್ಲಿನ ಮೇಲೆ ಕೂರಿಸಿ ಸುತ್ತ ಮರಳು ಹಾಕಿದರೆ ಈ ಕಾಟ ಬರುವುದಿಲ್ಲ.

ಆರು ತಿಂಗಳಿಗೊಮ್ಮೆ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಮೇಲಿನ ಒಂದೆರಡು ಮಿಲಿಮೀಟರ್ ಮೆತ್ತಗಾಗಿದ್ದರೆ ಬ್ರಷ್ಷಿನಿಂದ ಉಜ್ಜಿದರೆ ಸಾಕು, ಒಳಗೆ ಚುಚ್ಚಿಕೊಂಡು ಹೋದರೆ ಅದರ ಕಾಲ ಮುಗಿಯಿತು. ಗಟ್ಟಿಯಿರುವ ಮರವನ್ನು ತೊಟ್ಟಿ ತೊಳೆಯಲೆಂದು ಹೊರಗೆ ತೆಗೆದಾಗ ಹಳೆ ತೊಟ್ಟಿಯ ನೀರಿರುವ ಬಕೆಟ್ಟಿನಲ್ಲೇ ಮುಳುಗಿಸಿಡಿ. ಒಂದೆರಡು ವಾರ ಬಿಸಿಲಲ್ಲಿ ಮರೆತುಬಿಟ್ಟರೆ ಅದರ ಮೇಲಿದ್ದ ಒಳ್ಳೆಯ ಬ್ಯಾಕ್ಟೀರಿಯಾ ಹೋಗುತ್ತದೆ, ಒಳಗೆ ಗಾಳಿ ತುಂಬುತ್ತದೆ, ಮತ್ತೆ ತೇಲತೊಡಗುತ್ತದೆ.